ಟಿಸಿ ಕೈಗೆ ಕೊಡದ ಟೀಚರ್

ಐದನೇ ತರಗತಿ ಮುಗಿಸಿದ ಯಾವ ಹುಡುಗಿಯ ಟಿಸಿಯನ್ನೂ ಸಿದ್ದಮ್ಮ ಟೀಚರ್ ಮನೆಯವರ ಕೈಗೆ ಕೊಡುತ್ತಿರಲಿಲ್ಲ. ನಮ್ಮೂರಿನ ಶಾಲೆ ಐದಕ್ಕೇ ಮುಗಿಯುತ್ತಿತ್ತು. ಆರನೆಯದಕ್ಕೆ ಟಂಟಂ ಆಟೊ ಹತ್ತಿ ಮಳಖೇಡಕ್ಕೆ ಹೋಗಬೇಕು. ಜೂನ್ ಬಂತೆಂದರೆ ಟೀಚರ್ ಟಿಸಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಹುಡುಗಿಯರನ್ನು ತಾವೇ ಕರೆದೊಯ್ದು, ಹೊಸ ಶಾಲೆಯಲ್ಲಿ ಹೆಸರು ಬರೆಸಿಯೇ ಹಿಂದಿರುಗುತ್ತಿದ್ದರು. ಹಟ ಅಂದರೆ ಅದು ಹಟ.

ಅದಕ್ಕೆ ಕಾರಣ ರೇಣುಕಾ. ನನಗಿಂತ ಮೂರು ವರ್ಷ ದೊಡ್ಡವಳು, ಲೆಕ್ಕದಲ್ಲಿ ಭಾರಿ ಚುರುಕು. ಟೀಚರ್ ನಂಬಿ ಟಿಸಿಯನ್ನು ಅವಳ ಅಪ್ಪನ ಕೈಗೆ ಕೊಟ್ಟರು. ಅದು ಪೆಟ್ಟಿಗೆ ಸೇರಿತು. ರೇಣುಕಾ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದಳು. "ನಾನೇ ನನ್ ಕೈಲಿಂದ ಆ ಪೋರಿ ಸಾಲಿ ಬಿಡಿಸ್ದಂಗ ಆಯ್ತು" ಎಂದು ಟೀಚರ್ ಆಗಾಗ ಹೇಳಿಕೊಳ್ಳುತ್ತಿದ್ದರು.

ನನ್ನ ಸರದಿ ಬಂದಾಗ ಅಪ್ಪ ಸಿಟ್ಟಿನಿಂದ ಶಾಲೆಗೇ ಬಂದ. ಅವ್ವ ಕೂಲಿಗೆ ಹೋಗುವವಳು, ತಮ್ಮ ಸಣ್ಣವನು. ನಾನು ಮನೆಯಲ್ಲಿರಬೇಕೆಂದು ತೀರ್ಮಾನವಾಗಿತ್ತು.

"ನನ್ ಮಗಳ ಕಾಗದ ನನಗ ಕೊಡಲ್ಲಂದ್ರ ಹ್ಯಾಂಗ್ರಿ ಟೀಚರ್?"

"ಕೊಡಲ್ರಿ. ಬೇಕಂದ್ರ ಮ್ಯಾಲಿನ ಸಾಹೇಬ್ರಿಗೆ ಹೋಗಿ ಹೇಳ್ರಿ. ಸಣ್ಣ ಹುಡುಗಗ ಅಂಗನವಾಡ್ಯಾಗ ಬಿಡ್ರಿ, ಆಯಾಗ ನಾ ಹೇಳ್ತೀನಿ. ಈಕಿ ನನ್ ಜೋಡಿ ಬರ್ತಾಳ."

ಅಪ್ಪ ಗೊಣಗುತ್ತಾ ಹೋದ. ನನಗೆ ಒಳಗೊಳಗೇ ಖುಷಿ.

ಆ ಖುಷಿ ಮಳಖೇಡದ ಶಾಲೆಯ ಗೇಟಿನವರೆಗೆ ಮಾತ್ರ. ಅಬ್ಬಾ, ಎಷ್ಟೊಂದು ಮಂದಿ! ಪಿರಿಯಡ್ಡಿಗೊಬ್ಬರು ಸರ್. ಎಲ್ಲರ ಕಾಲಲ್ಲೂ ಬೂಟು, ನನ್ನದು ಹವಾಯಿ ಚಪ್ಪಲಿ. ಟೀಚರ್ ಸೆರಗು ಹಿಡಿದು ಅಳುತ್ತಾ ನಿಂತೆ. ಐದು ವರ್ಷ ನನ್ನನ್ನು ಒಮ್ಮೆಯೂ ಗದರದಿದ್ದವರು ಅಂದು ಎಲ್ಲರೆದುರು ನನ್ನ ಬೆರಳು ಬಿಡಿಸಿ ಹಾಕಿದರು.

"ಇವತ್ತಿಂದ ನಾ ನಿನ್ ಟೀಚರ್ ಅಲ್ಲ. ಒಳಗ ಹೋಗಿ ಕುಂದ್ರು."

ತಿರುಗಿ ನೋಡದೆ ಹೋಗಿಬಿಟ್ಟರು. ಹುಡುಗಿಯರು ಕಿಸಕ್ಕೆಂದು ನಕ್ಕರು. ಆ ಅವಮಾನಕ್ಕೆ ನಾನು ಟೀಚರ್ ಜೊತೆ ಮಾತು ಬಿಟ್ಟೆ. ಊರಲ್ಲಿ ಎದುರಾದರೆ ಬೇರೆ ಓಣಿ ಹಿಡಿಯುತ್ತಿದ್ದೆ. ಶಾಲೆ ಮಾತ್ರ ಬಿಡಲಿಲ್ಲ. ಮೊದಲು ಅವರ ಮೇಲಿನ ಸಿಟ್ಟಿಗೆ, ಆಮೇಲೆ ಅಭ್ಯಾಸವಾಗಿ.

ದಸರಾ ರಜೆಗೆ ಮುಂಚೆ ಒಂದು ಮಧ್ಯಾಹ್ನ ಅವರು ನಮ್ಮ ಹೊಸ ಶಾಲೆಗೆ ಬಂದರು. ಕಂಡದ್ದೇ ತಡ, ನಾನು ತರಗತಿಯ ಬಾಗಿಲ ಹಿಂದೆ ಅಡಗಿಕೊಂಡೆ. ಟೀಚರ್ ಹೊರಗಿದ್ದ ನನ್ನ ಗೆಳತಿಯನ್ನು ಕೇಳಿದರು.

"ನಮ್ಮ ಲಕ್ಷ್ಮಿ ದಿನಾ ಬರ್ಲಿಕತ್ತಾಳೇನವ್ವ?"

"ದಿನಾ ಬರ್ತಾಳ್ರಿ. ಕರೀಲೇನ್ರಿ?"

"ಬ್ಯಾಡ. ಬರ್ತಾಳಲ್ಲ, ಸಾಕು."

ಆ ರಜೆಯಲ್ಲೇ ಟೀಚರ್ ತೀರಿಕೊಂಡರು. ಎದೆನೋವು; ಕಲಬುರಗಿಗೆ ಒಯ್ಯುವ ದಾರಿಯಲ್ಲೇ ಎಲ್ಲ ಮುಗಿದಿತ್ತು.

ಈಗ ಸೇಡಂನಲ್ಲಿ ಡಿಗ್ರಿ ಓದುತ್ತಿದ್ದೇನೆ. ಆ ಮಧ್ಯಾಹ್ನ ಮಾತ್ರ ಮರೆಯಲಾಗಿಲ್ಲ. ಬಾಗಿಲ ಸಂದಿಯಿಂದ ಅವರ ಸೀರೆಯ ಅಂಚು ಕಾಣುತ್ತಿತ್ತು. ಒಂದು ಹೆಜ್ಜೆ ಹೊರಗಿಟ್ಟಿದ್ದರೆ ಮುಖ ಕಾಣುತ್ತಿತ್ತು. ನಾನು ಇಡಲಿಲ್ಲ.