ಕಣಕ್ಕೆ ಇಳಿದ ಮನೆ

ನಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಲೆಕ್ಕ ಕೇಳಿದರೆ ಸೊಸೆ ಹೇಳುತ್ತಾಳೆ. ಕಣ್ಣಿಗೆ ಗೊತ್ತಿರಲಿಲ್ಲ ಅಂತ ನಾನು ಹೇಳುವುದು.

ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಐದು ಮಹಡಿ ಎಬ್ಬಿಸಿ ಪಿ.ಜಿ. ಅಂತ ಬೋರ್ಡು ಹಾಕಿ ಎಷ್ಟೋ ವರ್ಷವಾಯಿತು. ಇರುವವರೆಲ್ಲ ಹೆಣ್ಣುಮಕ್ಕಳು. ಹೆಬ್ಬಗೋಡಿ ಆಚೆಯ ಒಂದು ಫ್ಯಾಕ್ಟರಿಯಲ್ಲಿ ಫೋನಿನ ಒಳಗಿನ ಸಣ್ಣ ಸಣ್ಣ ಸಾಮಾನು ಜೋಡಿಸುವ ಕೆಲಸ ಅವರದು. ರಾಯಚೂರು ಕಡೆಯವರು ಇದ್ದಾರೆ, ಒಡಿಶಾದವರು ಇದ್ದಾರೆ, ಅಸ್ಸಾಮಿನವರೂ ಇದ್ದಾರೆ. ಮೂರು ಶಿಫ್ಟು. ಒಬ್ಬಳು ಮಲಗುವ ಹೊತ್ತಿಗೆ ಇನ್ನೊಬ್ಬಳು ಫ್ಯಾಕ್ಟರಿ ಬಸ್ಸಿಗೆ ಓಡುತ್ತಾಳೆ. ನಾನು ಅವರನ್ನು ಕಂಡಿದ್ದೆಲ್ಲ ತುಂಡು ತುಂಡಾಗಿ. ತಟ್ಟೆ ಚಾಚಿದ ಕೈ, ತಂತಿಯ ಮೇಲೆ ಒಣಗುವ ಚೂಡಿದಾರ, ಮೆಟ್ಟಿಲು ಇಳಿದು ಹೋಗುವ ಒಂದು ಜಡೆ.

ಪಿ.ಜಿ.ಗಳೆಲ್ಲ ಲೈಸೆನ್ಸು ತೆಗೆಯಬೇಕು ಅಂತ ನಗರಸಭೆಯವರು ಬಿಗಿ ಮಾಡಿದರು. ಇಲ್ಲದಿದ್ದರೆ ಬೀಗ. ಎರಡು ಬೀದಿ ಆಚೆ ಒಂದು ಮನೆಗೆ ಬೀಗ ಹಾಕಿಯೇಬಿಟ್ಟರು. ಅಲ್ಲಿದ್ದ ಹುಡುಗಿಯರು ಬ್ಯಾಗು, ಬಕೆಟ್ಟು, ಹಾಸಿಗೆ ಎಲ್ಲ ಫುಟ್‌ಪಾತಿನ ಮೇಲೆ ಇಟ್ಟುಕೊಂಡು ಫೋನಿನಲ್ಲಿ ಜಾಗ ಹುಡುಕುತ್ತಾ ಕೂತಿದ್ದನ್ನು ನಾನು ತರಕಾರಿಗೆ ಹೋದಾಗ ನೋಡಿದೆ. ಮನೆಗೆ ಬಂದು ಸೊಸೆಗೆ ಹೇಳಿದೆ, ನಮ್ಮದಕ್ಕೆ ಹಾಗಾಗಬಾರದು ಅಂತ. ನಮಗೆ ಉಳಿದಿರುವುದು ಆ ಮನೆ ಒಂದೇ. ಆ ಮಕ್ಕಳಿಗೂ ಬಸ್ಸು ನಿಲ್ಲುವ ಮೂಲೆಗೆ ಇಷ್ಟು ಹತ್ತಿರ ಬೇರೆ ಜಾಗ ಸಿಕ್ಕುವುದಿಲ್ಲ.

ಮನೆ ನೋಡಲು ಬಂದ ಅಧಿಕಾರಿ ಒಬ್ಬಳು ಸಣ್ಣ ವಯಸ್ಸಿನ ಹೆಂಗಸು. ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಒಂದು ವಸ್ತು. ಅದನ್ನು ಈ ಗೋಡೆಗೆ ಒತ್ತಿ ಗುಂಡಿ ಅದುಮಿದಳು. ಆ ಗೋಡೆಯ ಮೇಲೆ ಒಂದು ಕೆಂಪು ಚುಕ್ಕಿ ಬಿತ್ತು. ಅಷ್ಟೇ, ಅಳತೆ ಬಂತು. ನಮ್ಮ ಹೊಲ ಅಳೆಯಲು ಬರುತ್ತಿದ್ದವರು ಸರಪಳಿ ಎಳೆದುಕೊಂಡು ಬದುವಿನ ಮೇಲೆ ಬೆಳಗಿನಿಂದ ಸಂಜೆವರೆಗೆ ಬೆವರುತ್ತಿದ್ದರು. ಇವಳು ಒಂದೊಂದು ಕೋಣೆಯಲ್ಲೂ ನಿಂತ ಕಡೆಯೇ ನಿಂತು ಐದು ಮಹಡಿಯನ್ನೂ ಅಳೆದು ಮುಗಿಸಿ ಒಂದು ಲೋಟ ಮಜ್ಜಿಗೆ ಕುಡಿದಳು. ನಾನು ಆ ಚುಕ್ಕಿ ಬಿದ್ದ ಜಾಗವನ್ನು ಆಮೇಲೆ ಬೆರಳಿನಿಂದ ಮುಟ್ಟಿ ನೋಡಿದೆ. ಏನೂ ಇರಲಿಲ್ಲ.

ಮಂಚಗಳ ನಡುವಿನ ಜಾಗ ಸರಿ ಅಂದಳು. ಅಡುಗೆಮನೆ ಸರಿ, ನೀರು ಸರಿ, ಕ್ಯಾಮೆರಾ ಸರಿ. ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಗೆ ಓಡುತ್ತಾರೆ ಅಂತ ಕೇಳಿದಳು. ಮುಂದಿನ ರಸ್ತೆ ಕಿರಿದು, ಯಾವಾಗಲೂ ನೀರಿನ ಟ್ಯಾಂಕರು ನಿಂತಿರುತ್ತದೆ. ಹಿಂದಿನ ಗೇಟು ತೆಗೆದರೆ ನಮ್ಮ ಕಣ. ಅದನ್ನು ತೋರಿಸಿದೆ. ಅವಳಿಗೆ ಹಿಡಿಸಿತು. ಮನೆಮಂದಿಯೆಲ್ಲ ಬಂದು ನಿಲ್ಲುವ ಜಾಗ ಇದು, ಇಲ್ಲಿ ಯಾವಾಗಲೂ ಏನೂ ಅಡ್ಡ ಇರಬಾರದು ಅಂದಳು.

ಅಲ್ಲೇ ತೊಡಕು ಇತ್ತು. ಹೊಲ ಪಾಲಾಗುವಾಗ ಕಣ ಪಾಲಾಗಿರಲಿಲ್ಲ. ರಾಗಿ ಒಕ್ಕಲು ಎಲ್ಲರಿಗೂ ಬೇಕು ಅಂತ ಒಟ್ಟಿಗೆ ಬಿಟ್ಟಿದ್ದರು. ರಾಗಿ ಹೋದ ಮೇಲೂ ಅದು ನನಗೂ ನನ್ನ ಮೈದುನನಿಗೂ ಸೇರಿದ್ದಾಗಿಯೇ ಉಳಿಯಿತು. ಅವನು ಊರಿನ ಯುವಕರ ಸಂಘಕ್ಕೆ ಅಧ್ಯಕ್ಷ. ವಯಸ್ಸು ಐವತ್ತು ದಾಟಿದೆ, ಬೇರೆ ಯುವಕರು ಸಿಕ್ಕಲಿಲ್ಲ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಆ ಕಣದಲ್ಲಿ ಸ್ಟೇಜು ಕಟ್ಟಿಸಿ ಆರ್ಕೆಸ್ಟ್ರಾ ಮಾಡಿಸುತ್ತಾನೆ. ಈ ವರ್ಷವೂ ಬಯಲಿನಲ್ಲಿ ಕಾರ್ಯಕ್ರಮ ಮಾಡಲು ಅನುಮತಿ ಬೇಕು ಅಂತ ಅದೇ ನಗರಸಭೆಗೆ ಅರ್ಜಿ ಹಾಕಿದ್ದ. ಒಂದೇ ನೆಲಕ್ಕೆ ಎರಡು ಅನುಮತಿ ಕೊಡಲು ಬರುವುದಿಲ್ಲ, ಅವರು ಒಪ್ಪಿ ಸಹಿ ಹಾಕಿದರೆ ನಿಮಗೆ, ಇಲ್ಲದಿದ್ದರೆ ಇಲ್ಲ ಅಂದಳು ಅಧಿಕಾರಿ.

ಸಹಿಯ ಮಾತು ಆಮೇಲೆ, ಮೊದಲು ಮಕ್ಕಳನ್ನು ಇಳಿಸಿ ನೋಡೋಣ ಅಂತ ಸೊಸೆಯ ಕೈಲಿ ಬೆಂಕಿಯ ಗಂಟೆ ಒತ್ತಿಸಿದಳು. ಅವತ್ತು ಮನೆಯಲ್ಲಿ ಇದ್ದದ್ದು ಒಂದು ಶಿಫ್ಟಿನವರು ಮಾತ್ರ. ಮಕ್ಕಳು ಚೆನ್ನಾಗಿಯೇ ಓಡಿ ಬಂದರು. ಹಿಂದಿನ ಗೇಟಿನ ಹತ್ತಿರ ಬಂದ ಮೊದಲನೆಯವಳು ನಿಂತಳು. ಬಗ್ಗಿ ಚಪ್ಪಲಿ ಬಿಚ್ಚಿದಳು. ಎರಡನ್ನೂ ಜೋಡಿಸಿ ಗೋಡೆ ಪಕ್ಕ ಇಟ್ಟಳು. ಎರಡನೆಯವಳೂ ಹಾಗೇ. ಮೂರನೆಯವಳದು ಬೆಲ್ಟಿನ ಚಪ್ಪಲಿ, ಕೂತು ಬಿಚ್ಚಿದಳು. ಹಿಂದೆ ಮೆಟ್ಟಿಲ ಮೇಲೆ ಜನ ಕಟ್ಟಿಕೊಂಡಿತು. ಗಂಟೆ ಹೊಡೆದುಕೊಳ್ಳುತ್ತಲೇ ಇದೆ, ಇವರು ಒಬ್ಬೊಬ್ಬರೇ ಬರಿಗಾಲಲ್ಲಿ ಮೆತ್ತಗೆ ಕಣಕ್ಕೆ ಇಳಿಯುತ್ತಿದ್ದಾರೆ.

ಅಧಿಕಾರಿ ಏನಿದು ಅಂತ ಕೇಳಿದ್ದಕ್ಕೆ ರಾಯಚೂರು ಕಡೆಯ ಹುಡುಗಿ ನನ್ನ ಕಡೆ ಕೈ ಮಾಡಿದಳು. "ಅಜ್ಜಿ ಹೇಳ್ಯಾರ್ರೀ ಮೇಡಂ. ಕಣದಾಗ ಚಪ್ಪಲಿ ಮೆಟ್ಟಂಗಿಲ್ಲ."

ಹೇಳಿದ್ದು ನಿಜ. ಕಣ ಅಂದರೆ ರಾಶಿ ಬೀಳುವ ಜಾಗ. ನನ್ನ ಅತ್ತೆ ಸಗಣಿಯಲ್ಲಿ ಸಾರಿಸಿ, ತೆನೆಯ ಮೇಲೆ ರೋಣಗಲ್ಲು ಎಳೆಯುವ ಎತ್ತಿನ ಲಾಳ ಬಿಟ್ಟರೆ ಬೇರೆ ಯಾರ ಕಾಲಿನ ಚಪ್ಪಲಿಯನ್ನೂ ಅಲ್ಲಿ ಬಿಡುತ್ತಿರಲಿಲ್ಲ. ಬಟ್ಟೆ ಒಣಹಾಕಲು ಬರುವ ಪ್ರತಿ ಹೊಸ ಹುಡುಗಿಗೂ ನಾನು ಅದನ್ನೇ ಹೇಳಿದ್ದೆ. ಕನ್ನಡ ಬಾರದವರಿಗೆ ಅವರ ಚಪ್ಪಲಿ ತೋರಿಸಿ ಕೈ ಆಡಿಸಿದ್ದೆ. ಬಿಸಿನೀರು ಪೋಲು ಮಾಡಬೇಡಿ ಅಂದರೆ ಕೇಳುವುದಿಲ್ಲ, ಲೈಟು ಆರಿಸಿ ಅಂದರೆ ಕೇಳುವುದಿಲ್ಲ. ಇದೊಂದನ್ನು ಎಲ್ಲರೂ ಕೇಳಿದ್ದರು. ಗೋಡೆಗೆ ಸಾಲಾಗಿ ಇಟ್ಟ ಆ ಚಪ್ಪಲಿಗಳನ್ನು ನೋಡಿದೆ. ಎಲ್ಲಿಯ ಒಡಿಶಾ, ಎಲ್ಲಿಯ ಅಸ್ಸಾಮು. ಬೆಂಕಿಯ ಗಂಟೆ ಕೇಳುತ್ತಾ ನಮ್ಮ ಅತ್ತೆಯ ಮಾತು ನಡೆಸುತ್ತಿದ್ದಾರೆ.

ಅಧಿಕಾರಿಗೆ ಇದರಲ್ಲಿ ಸೊಗಸೇನೂ ಕಾಣಲಿಲ್ಲ.

"ನಿಜವಾಗಿ ಬೆಂಕಿ ಬಿದ್ದಿದ್ರೆ ಮೆಟ್ಟಿಲ ಮೇಲಿರೋರು ಎಲ್ಲ ಹೊಗೇಲಿ ಹೋಗಿರೋರು ಅಜ್ಜಿ," ಅಂದಳು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ತಾಗಿತು.

ಇನ್ನೊಂದು ಸಲ ಬರುತ್ತೇನೆ, ಎಲ್ಲರೂ ಮನೆಯಲ್ಲಿರುವ ದಿನ ಹೇಳಿ, ಆಗಲೂ ಹೀಗಾದರೆ ಲೈಸೆನ್ಸು ಇಲ್ಲ ಅಂತ ಬರೆದುಕೊಂಡು ಹೋದಳು. ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿಗೆ ಅಂತ ಮೂರು ಶಿಫ್ಟೂ ನಿಲ್ಲಿಸುವ ಭಾನುವಾರ ಒಂದು ಬರುವುದಿತ್ತು. ಅವತ್ತೇ ಬರುತ್ತೇನೆ ಅಂದಳು, ಅವಳಿಗೂ ರಜಾ ಇದ್ದರೂ.

ನಾನು ಮೈದುನನ ಮನೆಗೆ ಹೋದೆ. ವಿಷಯ ಕೇಳಿ ಅವನು ಮುಖ ಗಂಟಿಕ್ಕಿದ.

"ಅತ್ಗೆ, ಆ ಉಡ್ಗೀರು ಇವತ್ತು ಇರ್ತಾರೆ, ನಾಳೆ ಖಾಲಿ ಮಾಡ್ಕೊಂಡು ಓಯ್ತಾರೆ. ಅವ್ರು ನಿಂತ್ಕೊಳ್ಳಾಕೆ ಊರೋರು ರಾಜ್ಯೋತ್ಸವ ಬಿಡ್ಬೇಕಾ?"

"ಯಾವ ಊರೋರು?" ಅಂದೆ. "ಓದ್ ವರ್ಷ ನಿನ್ನ ಆರ್ಕೆಸ್ಟ್ರಾಗೆ ಜನಕ್ಕಿಂತ ಕುರ್ಚಿನೇ ಜಾಸ್ತಿ ಇದ್ವಲ್ಲೋ. ಪದ ಆಡೋನು ಕುರ್ಚಿಗೇ ಕೈ ಮುಗ್ದ."

ಅವನ ಹೆಂಡತಿ ಒಳಗೆ ನಕ್ಕಳು. ಅದರಿಂದ ಅವನಿಗೆ ಇನ್ನೂ ಸಿಟ್ಟು ಬಂತು. ಅಧಿಕಾರಿ ಬಂದ ದಿನ ತಾನೇ ಬಂದು ಆಗುವುದಿಲ್ಲ ಅಂತ ಅವಳ ಮುಖಕ್ಕೇ ಹೇಳುತ್ತೇನೆ ಅಂದ. ಹೇಳು ಅಂತ ಎದ್ದು ಬಂದೆ.

ಅವನದು ಅವನಿಗೆ. ನನಗೆ ಇತ್ತ ಕಲಿಸಿದ್ದನ್ನು ಮರೆಸುವ ಕೆಲಸ ಇತ್ತು. ಕೋಣೆ ಕೋಣೆಗೆ ಹೋಗಿ ಗಂಟೆ ಹೊಡೆದರೆ ಚಪ್ಪಲಿ ಹಾಕಿಕೊಂಡೇ ಓಡಿ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ. ಒಡಿಶಾದ ಒಬ್ಬಳು ಕೈ ಮುಗಿದು ಆಗುವುದಿಲ್ಲ ಅಂತ ತಲೆ ಆಡಿಸಿಬಿಟ್ಟಳು. ಬಾಯಿಮಾತಿನಿಂದ ಆಗುವುದಲ್ಲ ಅನ್ನಿಸಿತು. ಸಂಜೆ ಬಾಲ್ಕನಿಗಳಲ್ಲಿ ಅವರೆಲ್ಲ ಬಟ್ಟೆ ತೆಗೆಯುವ ಹೊತ್ತಿಗೆ ನಾನು ಹವಾಯಿ ಚಪ್ಪಲಿ ಹಾಕಿಕೊಂಡು ಗೇಟು ದಾಟಿ ಕಣದ ನಡುವಿನವರೆಗೆ ನಡೆದೆ. ಆ ನೆಲದ ಮೇಲೆ ಚಪ್ಪಲಿ ಮೆಟ್ಟಿದ್ದು ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಏನೂ ಆಗಲಿಲ್ಲ. ಕಲ್ಲು ಚುಚ್ಚಲಿಲ್ಲ, ಅಷ್ಟೇ. ಮೇಲೆ ನೋಡಿದೆ. ಎಲ್ಲ ಮಹಡಿಯಲ್ಲೂ ಹುಡುಗಿಯರು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನನ್ನ ಕಾಲು ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಅಧಿಕಾರಿ ಬಂದಳು. ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಂಘದ ಕೆಂಪು ಹಳದಿ ಶಾಲು ಹೊದ್ದುಕೊಂಡು ಆಗಲೇ ಕಣದಲ್ಲಿ ಕಾಯುತ್ತಿದ್ದ. ಅವನು ಬಾಯಿ ತೆಗೆಯುವುದಕ್ಕೆ ಮೊದಲು ಅವಳು ಸೊಸೆಗೆ ಕೈ ಮಾಡಿದಳು. ಗಂಟೆ ಹೊಡೆಯಿತು.

ಮೊದಲು ಸದ್ದು ಬಂತು. ಮೊರದಲ್ಲಿ ರಾಗಿ ಕೇರುವಾಗ ಬರುವಂಥ ಸದ್ದು, ಆದರೆ ಮೊರ ಮನೆಯಷ್ಟು ದೊಡ್ಡದು. ಮೇಲಿನ ಮಹಡಿಯಿಂದ ಶುರುವಾಗಿ ಕೆಳಗೆ ಇಳಿಯುತ್ತಾ ದಪ್ಪವಾಯಿತು. ನನ್ನ ಕಾಲ ಕೆಳಗಿನ ನೆಲ ಅದುರಿದಂತಾಯಿತು. ಆಮೇಲೆ ಗೇಟಿನಿಂದ ಜನ ಸುರಿಯಿತು. ಯಾರೂ ನಿಲ್ಲಲಿಲ್ಲ, ಬಗ್ಗಲಿಲ್ಲ. ಚಪ್ಪಲಿ, ಬೂಟು, ಬಾತ್‌ರೂಮಿನ ರಬ್ಬರು ಚಪ್ಪಲಿ, ಒಬ್ಬಳಿಗೆ ಎರಡು ಕಾಲಿಗೆ ಎರಡು ಬೇರೆ ಜೊತೆಯದು. ತಲೆಯಲ್ಲಿ ಶಾಂಪೂ ನೊರೆ ಇದ್ದವಳು ಹಾಗೇ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿದ್ದವಳು ಕಣ್ಣುಜ್ಜುತ್ತಾ ಬಂದಳು. ಬರುತ್ತಲೇ ಇದ್ದರು. ಮುಗಿಯಿತು ಅಂದುಕೊಂಡೆ, ಮುಗಿಯಲಿಲ್ಲ. ಇಷ್ಟು ಹೆಣ್ಣುಮಕ್ಕಳನ್ನು ಆ ಮನೆ ಎಲ್ಲಿ ಇಟ್ಟುಕೊಂಡಿತ್ತು? ಇಷ್ಟು ಜನಕ್ಕೆ ನಾನು ಅನ್ನ ಬೇಯಿಸಿದ್ದೇನಾ?

ಕಣ ಈ ಅಂಚಿನಿಂದ ಆ ಅಂಚಿಗೆ ತುಂಬಿತು. ಗಂಟೆ ನಿಂತಿತು. ಏನು ಮಾಡಬೇಕು ಅಂತ ಗೊತ್ತಾಗದೆ ಅವರು ಸುಮ್ಮನೆ ನಿಂತರು. ಬಿಸಿಲು ಅಷ್ಟು ತಲೆಗಳ ಮೇಲೆ ಬಿದ್ದಿತ್ತು. ಎಣ್ಣೆ ಹಾಕಿದ ತಲೆ, ಒದ್ದೆ ತಲೆ, ಟವೆಲು ಸುತ್ತಿದ ತಲೆ.

ಅಧಿಕಾರಿ ಗಡಿಯಾರ ನೋಡಿಕೊಂಡು ಸಮಯ ಸರಿಯಾಯಿತು ಅಂದಳು. ಯಾರೂ ಒಳಗೆ ಉಳಿದಿಲ್ಲ ಅನ್ನುವುದು ಖಾತ್ರಿಯಾಗಬೇಕು, ಮನೆಯ ಯಜಮಾನಿ ತಲೆ ಎಣಿಸಬೇಕು ಅಂದಳು. ಸೊಸೆ ಮುಂದೆ ಬಂದಳು. ಯಜಮಾನಿ ನಾನು ಕಣಮ್ಮ ಅಂತ ಅವಳನ್ನು ಸರಿಸಿದೆ. ಮೊದಲನೆಯ ಹುಡುಗಿಯ ಭುಜ ಮುಟ್ಟಿ "ಲಾಭ" ಅಂದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಬೇರೆ ರೀತಿ ಎಣಿಸುವುದು ಆ ನೆಲದ ಮೇಲೆ ನನಗೆ ಬರುವುದಿಲ್ಲ. ಎರಡು, ಮೂರು ಅಂತ ಒಬ್ಬೊಬ್ಬರ ಭುಜ ಮುಟ್ಟುತ್ತಾ ಸಾಲು ಸಾಲಾಗಿ ನಡೆದೆ. ಬೆಚ್ಚಗಿದ್ದರು. ಕೆಲವರು ನಕ್ಕರು, ಒಬ್ಬಳು ನನ್ನ ಕೈ ಹಿಡಿದು ಬಿಟ್ಟಳು. ನನ್ನ ಆಯುಸ್ಸಿನಲ್ಲಿ ಆ ಕಣದಲ್ಲಿ ಅಷ್ಟು ದೊಡ್ಡ ರಾಶಿ ಬಿದ್ದಿರಲಿಲ್ಲ. ಎಣಿಸಿ ಮುಗಿಸಿದಾಗ ಲೆಕ್ಕ ಸೊಸೆಯ ಲೆಕ್ಕಕ್ಕೆ ತಾಳೆಯಾಯಿತು.

ಅಷ್ಟರಲ್ಲಿ ಅವರ ನಡುವೆ ಗುಜುಗುಜು ಶುರುವಾಗಿತ್ತು. ಅವರೂ ಒಬ್ಬರನ್ನೊಬ್ಬರು ಎಲ್ಲಿ ನೋಡಿದ್ದರು? ರಾಯಚೂರಿನವಳು ಒಂದು ಸಣ್ಣ ಕಣ್ಣಿನ ಅಸ್ಸಾಮಿ ಹುಡುಗಿಯನ್ನು ದಿಟ್ಟಿಸಿ ನೋಡುತ್ತಿದ್ದಳು.

"ಕಿಟಕಿ ಬಾಜೂ ಮಂಚ ನಿಂದೇನ?"

ಅವಳಿಗೆ ಮಂಚ ಅರ್ಥವಾಗಲಿಲ್ಲ, ಕಿಟಕಿ ಅರ್ಥವಾಯಿತು. ಹೂಂ ಅಂದಳು.

"ಏ, ಇಕಿನ ನೋಡ್ರೇ! ಒಂದ ಖೋಲ್ಯಾಗ ಇದ್ದೀವಿ, ಇಕಿ ಮುಸುಕು ಬಿಟ್ರ ಮಾರಿನ ನೋಡಿದ್ದಿಲ್ಲ."

ಇಬ್ಬರೂ ನಕ್ಕು ಕೈ ಹಿಡಿದುಕೊಂಡು ನಿಂತರು.

ಮೈದುನ ಬೇಲಿಗೆ ಒತ್ತಿಕೊಂಡು ನಿಂತಿದ್ದ. ನಿಲ್ಲಲು ಬೇರೆ ಜಾಗ ಉಳಿದಿರಲಿಲ್ಲ. ಅಧಿಕಾರಿ ಅವನ ಮುಂದೆ ಕಾಗದ ಹಿಡಿದು ಏನು ಹೇಳುತ್ತೀರಿ ಅಂದಳು. ಅವನು ಕಾಗದ ನೋಡಲಿಲ್ಲ. ನನ್ನ ಕಡೆ ತಿರುಗಿದ.

"ಅತ್ಗೆ, ಇಷ್ಟು ಜನ ಇದ್ರಾ ಊರಾಗೆ?"

"ನಂಗೂ ಗೊತ್ತಿರ್ಲಿಲ್ಲ ಕಣೋ," ಅಂದೆ.

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಸ್ಟೇಜನ್ನು ಶಾಲೆಯ ಮೈದಾನದಲ್ಲಿ ಕಟ್ಟಿಸಿದರೆ ಇವರೆಲ್ಲ ಬರುತ್ತಾರಾ ಅಂತ ಮೆಲ್ಲಗೆ ಕೇಳಿದ. ಯಾವ ಶಿಫ್ಟು ಇರುತ್ತದೋ ನೋಡಬೇಕು ಅಂದೆ. ಒಂದು ಒಡಿಯಾ ಹಾಡೂ ಹಾಕಿಸಬಹುದು ಅಂತ ತಾನೇ ಅಂದುಕೊಂಡು ಅಧಿಕಾರಿಯ ಪೆನ್ನು ಇಸಿದುಕೊಂಡು ಸಹಿ ಹಾಕಿದ.

ಅಧಿಕಾರಿ ಎಲ್ಲರೂ ಒಳಗೆ ಹೋಗಬಹುದು ಅಂದಳು. ಯಾರೂ ಹೋಗಲಿಲ್ಲ. ಅವಳೂ ಎರಡನೇ ಸಲ ಹೇಳಲಿಲ್ಲ.

ಲೈಸೆನ್ಸು ಆ ತಿಂಗಳೇ ಬಂತು. ಸೊಸೆ ಅದಕ್ಕೆ ಗಾಜು ಹಾಕಿಸಿ ಬಾಗಿಲ ಮೇಲೆ ಹೊಡೆಸಿದಳು. ಅದರಲ್ಲಿ ಬರೆದಿದ್ದನ್ನು ಓದಿ ಹೇಳಿದಳು: ಹಿಂದಿನ ಕಣ ಖಾಲಿ ಇರಬೇಕು, ವರ್ಷಕ್ಕೊಮ್ಮೆ ಹೀಗೆಯೇ ಎಲ್ಲರನ್ನೂ ಇಳಿಸಿ ತೋರಿಸಬೇಕು. ಒಳ್ಳೆ ತಲೆನೋವು ಅಂತ ಗೊಣಗಿದಳು.

ವರ್ಷಕ್ಕೆ ಒಂದೇ ಸಲ ಅಂತಲೇ ಬರೆದಿದ್ದಾರಾ, ಸರಿಯಾಗಿ ನೋಡು ಅಂದೆ.