ಅಂಗಿ ತೊಟ್ಟು ಬಂದ ರೋಸ್ವಿಟಾ

ಬಾಲ್ಟಿಕ್ ಕಡಲ ಬದಿಯ ಆ ಬತ್ತಲೆ ತೀರಕ್ಕೆ ಬೇಕರಿಯ ರೋಸ್ವಿಟಾ ಪ್ರತಿ ಬೇಸಿಗೆಯಲ್ಲೂ ಬರುತ್ತಿದ್ದಳು. ಮೇಷ್ಟ್ರು, ಮೀನುಗಾರರು, ಮುದುಕಿಯರು ಎಲ್ಲರೂ ಅಲ್ಲಿ ಮೈಮೇಲೆ ನೂಲಿಲ್ಲದೆ ಬಿಸಿಲು ಕಾಯಿಸುವವರೇ. ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ.

ಈ ಸಲ ಅವಳು ಕತ್ತಿನವರೆಗೂ ಗುಂಡಿ ಹಾಕಿದ ಅಂಗಿಯಲ್ಲಿ ಬಂದು ಕೂತಳು. ಚಳಿಗಾಲದಲ್ಲಿ ವೈದ್ಯರು ಅವಳ ಎಡ ಮೊಲೆಯನ್ನು ತೆಗೆದಿದ್ದರು. ಅಂದಿನಿಂದ ಗಂಡ ಉಲ್ರಿಚ್‌ನ ಎದುರೂ ಅವಳು ಬಟ್ಟೆ ಬದಲಿಸಿರಲಿಲ್ಲ. ಈಗ ಅಂಗಿ ತೊಟ್ಟವಳು ಅವಳೊಬ್ಬಳೇ ಆದ್ದರಿಂದ ಎಲ್ಲರ ಕಣ್ಣೂ ಅವಳ ಮೇಲೆಯೇ ನೆಟ್ಟಿತ್ತು.

"ಏನೇ ರೋಸಿ, ಚಳಿಜ್ವರಾನಾ? ಇಲ್ಲ ಸರ್ಕಾರದೋರು ನಮ್ಮೇಲೆ ಕಣ್ಣಿಡೋಕೆ ಕಳ್ಸಿದ್ರಾ?" ಎಂದು ಮುದುಕಿ ಕೇಟೆ ಕೂಗಿದಳು. ಸುತ್ತಲಿನವರು ನಕ್ಕರು.

"ಮನೆಗೆ ಹೋಗೋಣ್ವಾ?" ಉಲ್ರಿಚ್ ಪಿಸುಗುಟ್ಟಿದ.

ರೋಸ್ವಿಟಾಳಿಗೆ ಓಡಿಬಿಡಬೇಕೆನಿಸಿತು. ಎದ್ದು ನಿಂತವಳಿಗೆ ಎಲ್ಲಿಂದಲೋ ಸಿಟ್ಟು ಉಕ್ಕಿತು. ಒಂದೊಂದೇ ಗುಂಡಿ ಬಿಚ್ಚಿ ಅಂಗಿಯನ್ನು ಮರಳಿಗೆಸೆದಳು. ನಗು ಥಟ್ಟನೆ ನಿಂತಿತು.

"ನನ್ನ ನಾಲಿಗೆಗೆ ಬೆಂಕಿ ಬೀಳ! ಒಂದ್ ಮಾತು ಹೇಳ್ಬಾರ್ದಿತ್ತೇನೇ?" ಕೇಟೆಯ ದನಿ ಕುಗ್ಗಿತು.

"ಹೇಳಿದ್ರೆ ಹೀಗೇ ಕಣ್ಗುಡ್ಡೆ ಬಿಟ್ಕೊಂಡು ನೋಡ್ತಿದ್ರಿ."

"ನೋಡ್ತೀವಿ ಕಣೇ. ನನ್ನ ಹೊಟ್ಟೆ ಜೋತುಬಿದ್ದಾಗ್ಲೂ ನೋಡಿದ್ರು. ಆಮೇಲೆ ಬೇಜಾರಾಗಿ ನೋಡೋದೇ ಬಿಟ್ರು."

ರೋಸ್ವಿಟಾ ನಗಲಿಲ್ಲ. ನೇರ ನೀರಿಗಿಳಿದಳು, ಉಪ್ಪುನೀರು ತಾಗಿ ಎದೆಯ ಗಾಯದ ಕಲೆ ಚುರುಗುಟ್ಟಿತು. ತಿರುಗಿ ನೋಡಿದರೆ, ಆ ಕಲೆಯನ್ನು ಮೊದಲ ಸಲ ಕಂಡ ಉಲ್ರಿಚ್ ಕಣ್ಣು ತಪ್ಪಿಸದೆ ದಡದಲ್ಲೇ ನಿಂತು ಅಳುತ್ತಿದ್ದ.

"ನಿಂತ್ಕೊಂಡೇನ್ ಮಾಡ್ತೀಯಾ, ಬಾರೋ," ಎಂದು ಅವಳೇ ಕರೆದಳು.