ಕಣದ ಮೇಲೆ ಕಲಿತ ಗಾಲ್ಫ್

ಮೊನ್ನೆ ತುಮಕೂರಿನ ಬಟವಾಡಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆ ಮುಂದೆ ಸಗಣಿ ಬಗ್ಗಡ ಹಾಕಿ ಸಾರಿಸಿದ್ದರು. ಆ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗಬಹುದು. ನನಗೆ ಗಾಲ್ಫ್ ನೆನಪಾಯಿತು, ಬಾವ ನೆನಪಾದ.

ಬಾವ ಸಂಬಂಧಿಕನಲ್ಲ. ಹಾಗಲವಾಡಿ ಹತ್ತಿರದ ನಮ್ಮೂರಲ್ಲಿ ಎದುರು ಮನೆಯವನು. ಅಪ್ಪನನ್ನು ಮಾವ ಅನ್ನುತ್ತಿದ್ದ, ಅದಕ್ಕೆ ನನಗೆ ಬಾವ. ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ, ಆಡುವವರ ಕೋಲಿನ ಚೀಲ ಹೊತ್ತು ಹಿಂದೆ ನಡೆಯುವುದು ಅವನ ಕೆಲಸ. ಹೊತ್ತು ಹೊತ್ತು ಎಡಭುಜ ಕೆಟ್ಟಿತ್ತು. ಇನ್ನು ಭಾರ ಹೊರಬೇಡ ಅಂತ ತುಮಕೂರಿನ ಡಾಕ್ಟರು ಹೇಳಿಬಿಟ್ಟರು. ಅದೇ ಹೊತ್ತಿಗೆ ಕ್ಲಬ್ಬಿನವರು ಚೀಲ ಹೊರುವವರಿಗೇ ಒಂದು ಪಂದ್ಯ ಇಟ್ಟರು. ಗೆದ್ದವನಿಗೆ ಆಟ ಕಲಿಸುವ ಕೆಲಸ. ಸೋತರೆ ಬಾವನಿಗೆ ಯಾವ ಕೆಲಸವೂ ಇಲ್ಲ.

ಕ್ಲಬ್ಬಿನ ಹುಲ್ಲಿನ ಮೇಲೆ ಅವನು ನಡೆಯಬಹುದಿತ್ತು, ಆಡುವ ಹಾಗಿರಲಿಲ್ಲ. ಹಾಗಾಗಿ ಒಂದು ಹಳೇ ಕೋಲು, ನಾಲ್ಕು ಚೆಂಡು ಹಿಡಿದು ಊರಿಗೆ ಬಂದ. ನಮ್ಮ ರಾಗಿ ಕಣ ಆಗತಾನೇ ಸಗಣಿ ಬಗ್ಗಡದಲ್ಲಿ ಸಾರಿಸಿ ಒಣಗಿತ್ತು. ನಡುವೆ, ರಾಗಿ ತುಳಿಸುವಾಗ ಎತ್ತು ಕಟ್ಟುವ ಮೇಟಿಕಂಬ ನೆಡುವ ಗುಂಡಿ. ಅದರೊಳಗೆ ಒಂದು ತಗಡಿನ ಡಬ್ಬ ಇಟ್ಟು ಶುರು ಮಾಡಿದ.

ಅಪ್ಪ ಕಂಬ ಹಿಡಿದು ಬಂದವರು ನಿಂತುಬಿಟ್ಟರು. "ಏನ್ಲಾ, ಕಣ ಸಾರ್ಸಿರೋದು ರಾಗಿಗೋ, ನಿನ್ ಗೋಲಿ ಆಟಕ್ಕೋ?"

"ಒಂದ್ ವಾರ ತಡಕೋ ಮಾವ. ಗೆದ್ರೆ ಮೇಷ್ಟ್ರಾಯ್ತೀನಿ."

"ನೀನ್ ಮೇಷ್ಟ್ರಾಗೋವರ್ಗೂ ನಾವು ಹಿಟ್ಟು ತಿನ್ನದಂಗೆ ಇರ್ಬೇಕಾ? ಆಡು, ಬುಡು."

ಮೊದಲು ಗುಂಡಿ ಪಕ್ಕದಲ್ಲೇ ನಿಂತು ಹೊಡೆಯುತ್ತಿದ್ದ. ತಪ್ಪದೆ ಬಿದ್ದರೆ ಒಂದು ಹೆಜ್ಜೆ ಹಿಂದೆ. ಒಂದು ತಪ್ಪಿದರೂ ಮತ್ತೆ ಹತ್ತಿರದಿಂದ. ನೋಡಿ ನೋಡಿ ನನಗೆ ಬೇಜಾರು.

"ದೂರಕ್ ಹೊಡಿ ಬಾವ, ನೋಡಣ."

"ದೂರಕ್ ಹೊಡ್ದವ್ರೆಲ್ಲ ಹತ್ರ ಬಂದು ಸೋಲೋದು ಕಣೋ."

ವಾರದ ಕೊನೆಗೆ ಕಣದ ಅಂಚಿನಿಂದ ಹೊಡೆದರೂ ಡಬ್ಬದಲ್ಲಿ ಟಣ್ ಅನ್ನುತ್ತಿತ್ತು.

ಪಂದ್ಯಕ್ಕೆ ನಾನೂ ಹೋದೆ. ದೂರದ ಹೊಡೆತ ಚೆನ್ನಾಗಿಯೇ ಹೊಡೆದ. ಗುಂಡಿ ಹತ್ತಿರ ಬಂದಾಗ ಮಾತ್ರ ಚೆಂಡು ಒಂದು ಗೇಣು ಹಿಂದೆಯೇ ನಿಂತಿತು. ಮತ್ತೆ ಅದೇ... ಆಮೇಲೂ ಅದೇ. ಸಾರಿಸಿದ ಕಣದಲ್ಲಿ ಮೆಲ್ಲಗೆ ತಟ್ಟಿದರೆ ಸಾಕಿತ್ತು, ಉರುಳಿಕೊಂಡು ಹೋಗುತ್ತಿತ್ತು. ಇಲ್ಲಿ ಹುಲ್ಲು ಹಿಡಿದುಕೊಳ್ಳುತ್ತಿತ್ತು. ಬಾವ ಸೋತ.

ಬಸ್ಸಿನಲ್ಲಿ ಕೇಳಿದೆ, "ಹುಲ್ಲು ಹಿಡ್ಕೊಳ್ಳುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ದಿನಾ ಸಾಹೇಬ್ರುಗಳಿಗೆ ನಾನೇ ಹೇಳ್ತಿದ್ನಲ್ಲೋ, ಇನ್ನೊಸಿ ಜೋರಾಗಿ ಹೊಡೀರಿ ಅಂತ. ತಲೇಗೆ ಗೊತ್ತಿತ್ತು. ಕೈ ಕೇಳ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನ ಕೈ ಅವನ ಮಾತನ್ನೇ ಯಾಕೆ ಕೇಳಲಿಲ್ಲ?

ಚೀಲ ಬಿಟ್ಟು ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಕಾವಲಿಗೆ ಸೇರಿದ. ಮುಂದಿನ ವರ್ಷದ ಪಂದ್ಯಕ್ಕೆ ಹಳಬರನ್ನೂ ಕರೆಯುತ್ತಾರೆ ಅಂತ ಸುದ್ದಿ ಬಂತು. ಕುಣಿಗಲ್ ಕಡೆಯ ನೆಂಟರ ತೋಟದಿಂದ ಸಣ್ಣ ಗರಿಕೆ ತಂದು ನಮ್ಮ ಪಂಪ್‌ಸೆಟ್ ಹಿಂದೆ ನೆಟ್ಟ. ಅಪ್ಪ ಊರಿಗೆಲ್ಲ ಹೇಳಿಕೊಂಡು ನಕ್ಕರು: "ನಾನು ಗರಿಕೆ ಕೀಳಕ್ಕೆ ಆಳು ಕರೀತೀನಿ, ಇವ್ನು ನೆಡ್ತಾವ್ನೆ." ನಕ್ಕರೂ ನೀರು ಬಿಟ್ಟವರು ಅಪ್ಪನೇ.

ಮಳೆಗಾಲದಲ್ಲಿ ಬಾವನಿಗೆ ಕಾಮಾಲೆ ಬಂತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವನು ಬರಲಿಲ್ಲ... ಗರಿಕೆ ಚೆನ್ನಾಗಿ ಹಬ್ಬಿತ್ತು. ಅದರ ಮೇಲೆ ಅವನು ಒಂದು ಚೆಂಡೂ ಹೊಡೆಯಲಿಲ್ಲ. ಹೊಡೆದಿದ್ದರೆ ಗೆಲ್ಲುತ್ತಿದ್ದನಾ? ಕೈ ಎರಡನೇ ಸಲ ಮಾತು ಕೇಳುತ್ತಿತ್ತಾ? ಗೊತ್ತಿಲ್ಲ.

ಈಗ ಒಮ್ಮೊಮ್ಮೆ ಟಿವಿಯಲ್ಲಿ ಗಾಲ್ಫ್ ಬರುತ್ತದೆ. ಚೆಂಡು ಗುಂಡಿಯ ಹತ್ತಿರ ಬಂದು ನಿಂತುಬಿಡುತ್ತದೆ. ಯಾಕೆ ನಿಂತಿತು ಅಂತ ಕೇಳೋಣ ಅಂದರೆ, ನನಗೆ ಗೊತ್ತಿದ್ದವರಲ್ಲಿ ಅದನ್ನು ಹೇಳಬಲ್ಲವನು ಅವನೊಬ್ಬನೇ ಇದ್ದ.